ಷಡ್ಡಕನ ಹಿತಕಿದಬೇಳೆ ಪ್ರೇಮ

ನನ್ನ ಷಡ್ಡಕನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ, ಕಟ್ಟಿಕೊಂಡ ಹೆಂಡತಿಯನ್ನೇ ಹೊಸದಾಗಿ ಪ್ರೀತಿಸಲು ಹೊರಟವನನ್ನು ನೀವು ಏನೆಂದು ಕರೆಯುತ್ತೀರಿ? ಅದೂ ಹೋಗಲಿ, ಆ ಪ್ರೀತಿಯ ತಾಲೀಮಿಗೆ ಅವನು ನನ್ನ ಅಡುಗೆಮನೆಯನ್ನೇ ಆರಿಸಿಕೊಂಡದ್ದು ಯಾವ ನ್ಯಾಯ?

ಮೊದಲು ನಮ್ಮ ಮನೆಯ ಶಿಸ್ತು ನಿಮಗೆ ತಿಳಿಯಬೇಕು. ನಾನು ನಿವೃತ್ತ ಹೆಡ್‌ಮಾಸ್ಟರು. ನಾಗರಬಾವಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಕಾಫಿ, ಸಂಜೆ ಐದಕ್ಕೆ ವಾಕಿಂಗ್, ಎಂಟಕ್ಕೆ ಊಟ. ಗೋಡೆಯ ಕ್ಯಾಲೆಂಡರ್ ನನ್ನ ಇಲಾಖೆ. ಗ್ಯಾಸ್ ಬಂದ ದಿನ, ಹಬ್ಬ ಹುಣ್ಣಿಮೆ, ಕಣ್ಣಿನ ಡಾಕ್ಟರನ್ನು ನೋಡುವ ದಿನ, ಎಲ್ಲಕ್ಕೂ ಕೆಂಪು ಇಂಕಿನ ಗುರುತು. ನನ್ನ ಹೆಂಡತಿ ಅತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಬೆಳಿಗ್ಗೆ ನಾನು ಓದಿ ಹೇಳಿದ್ದೇ ಅವಳಿಗೆ ಪಂಚಾಂಗ. ಇನ್ನು 'ತಡ' ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ, ಶಾಲೆಯ ಮಕ್ಕಳನ್ನು ಬಯ್ಯುವಾಗ ಬಿಟ್ಟರೆ.

ಚಳಿಗಾಲದ ಒಂದು ಮಧ್ಯಾಹ್ನ, ಸರಿಯಾಗಿ ನಾನು ಅಡ್ಡಾಗುವ ಹೊತ್ತಿಗೆ, ಷಡ್ಡಕ ಅನ್ನಪೂರ್ಣೇಶ್ವರಿ ನಗರದಿಂದ ಸ್ಕೂಟರಿನಲ್ಲಿ ಬಂದಿಳಿದ. ಕೈಯಲ್ಲಿ ಒಂದು ಚೀಲ ಅವರೆಕಾಯಿ.

"ಅಕ್ಕ, ನಂಗೆ ಹಿತಕಿದಬೇಳೆ ಸಾರು ಕಲಿಸಿಕೊಡಿ. ನಿಮ್ಮ ತಂಗಿಗೆ ಗೊತ್ತಾಗ್ಬಾರ್ದು."

"ಇದೇನ್ರೀ ಹೊಸ ಹುಚ್ಚು?" ಎಂದಳು ನನ್ನ ಹೆಂಡತಿ.

"ಮೊನ್ನೆ ಫೋನಲ್ಲಿ ಯಾರಿಗೋ ಹೇಳ್ತಿದ್ಲು ಅಕ್ಕ. ಮದುವೆ ಆದಾಗಿಂದ ಬಿಸಿ ಊಟ ಮಾಡಿದ್ದೇ ನೆನಪಿಲ್ವಂತೆ. ಎಲ್ರಿಗೂ ಬಡಿಸಿ ಕೂರೋ ಹೊತ್ತಿಗೆ ತಣ್ಣಗಾಗಿರತ್ತಂತೆ. ಒಂದಿನ ಟೆರೇಸ್ ಮೇಲೆ ಕೂರಿಸಿ, ನಾನೇ ಮಾಡಿ, ನಾನೇ ಬಡಿಸ್ಬೇಕು. ಕ್ಯಾಂಡಲ್ ಹಚ್ಚಿ!"

ಕ್ಯಾಂಡಲ್ ಬೆಳಕಿನಲ್ಲಿ ಹಿತಕಿದಬೇಳೆ ಸಾರು! ನಾನು ನಗಬೇಕೆಂದಿದ್ದೆ. ಅಷ್ಟರಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ನಲವತ್ತೊಂದು ವರ್ಷದ ತಣ್ಣನೆಯ ಸಾರಿತ್ತು.

ಮಾರನೆಯ ದಿನದಿಂದಲೇ ತಾಲೀಮು. ಅವರೆಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ, ಸಿಪ್ಪೆಯಿಂದ ಬೇಳೆ ಜಾರಿಸಬೇಕು. ಷಡ್ಡಕ ಹಿತುಕಿದ ಬೇಳೆ ಪಾತ್ರೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಗುತ್ತಿತ್ತು. ಒಂದು ನೇರವಾಗಿ ನನ್ನ ಹೆಂಡತಿಯ ಕನ್ನಡಕಕ್ಕೆ ಬಡಿಯಿತು. ಅವಳು ನಕ್ಕಳು ನೋಡಿ! ಗೋಡೆ ಹಿಡಿದುಕೊಂಡು ನಕ್ಕಳು. ನಾನು ಹಾಲ್‌ನಲ್ಲಿ ಪೇಪರನ್ನು ತಲೆಕೆಳಗಾಗಿ ಹಿಡಿದು ಕೇಳಿಸಿಕೊಂಡೆ.

ಒಗ್ಗರಣೆಯ ದಿನ ಸಾಸಿವೆ ಸಿಡಿಯುತ್ತದೆಂದು ಹೆಲ್ಮೆಟ್ ಹಾಕಿಕೊಂಡೇ ಒಲೆಯ ಮುಂದೆ ನಿಂತ. ಗಾಜಿಗೆ ಹಬೆ ಹಿಡಿದು, ಒಗ್ಗರಣೆ ಸಾರಿಗೆ ಬೀಳುವ ಬದಲು ನನ್ನ ಡಿಕಾಕ್ಷನ್‌ಗೆ ಬಿತ್ತು!

"ಕುಡಿದು ನೋಡ್ರೀ, ಇಂಗು ಹೊಟ್ಟೆಗೆ ಒಳ್ಳೇದು," ಎಂದಳು ನನ್ನವಳು. ಮತ್ತೆ ಇಬ್ಬರೂ ನಗು. ನನ್ನ ಹೊಟ್ಟೆಯಲ್ಲಿದ್ದ ಉರಿಗೆ ಇಂಗು ಯಾವ ಲೆಕ್ಕ?

ಹತ್ತು ದಿನಗಳಾದ ಮೇಲೆ ಅವನು ಮುಹೂರ್ತ ಇಟ್ಟ. "ಭಾವ, ಬುಧವಾರ ಇಟ್ಕೊಳ್ಲಾ?"

"ಬುಧವಾರ ಏನಾದ್ರೂ ಇದ್ಯಾ ನೋಡ್ರೀ," ಎಂದಳು ಹೆಂಡತಿ.

ನೋಡಿದೆ. ನನ್ನದೇ ಕೆಂಪು ಇಂಕಿನಲ್ಲಿ ಸಂಕಷ್ಟಿ ಎಂದು ಬರೆದಿತ್ತು. ಚಂದ್ರೋದಯ ಒಂಬತ್ತೂ ಹತ್ತಕ್ಕೆ. ನಾದಿನಿ ತಿಂಗಳು ತಪ್ಪದೆ ಸಂಕಷ್ಟಿ ಮಾಡುವವಳು. ಚಂದ್ರನನ್ನು ನೋಡುವವರೆಗೆ ಊಟವಿಲ್ಲ. ನೋಡಿದ ಮೇಲೂ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಷಡ್ಡಕನಿಗೋ ಇವತ್ತು ಯಾವ ವಾರ ಎಂಬುದೂ ಗೊತ್ತಿರುವುದಿಲ್ಲ.

"ಏನೂ ಇಲ್ಲ. ಖಾಲಿ," ಎಂದೆ.

ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು!

ಬುಧವಾರ ಬೆಳಿಗ್ಗೆ ಕ್ಯಾಲೆಂಡರ್ ಓದದೆ ವಾಕಿಂಗ್ ಹೊರಟುಬಿಟ್ಟೆ, ಸಂಜೆ ಐದಕ್ಕೆ ಹೋಗಬೇಕಾದದ್ದನ್ನು ಬೆಳಿಗ್ಗೆಯೇ. ಷಡ್ಡಕ ಇಡೀ ದಿನ ನಮ್ಮಲ್ಲೇ ಅಡುಗೆ ಮಾಡಿ, ಮನೆಯಲ್ಲಿ ಬಿಸಿ ಮಾಡಿದರೆ ಸಾಕೆಂದು ಸಾರನ್ನು ಕ್ಯಾರಿಯರ್‌ಗೆ ತುಂಬಿಸಿಕೊಂಡು ಆರು ಗಂಟೆಗೆ ಹೊರಟ. ಎಂಟಕ್ಕೆ ನಾನು ತಟ್ಟೆಯ ಮುಂದೆ ಕೂತೆ. ಫೋನ್ ಬಂತು.

"ಭಾವ... ಇವತ್ತು ಸಂಕಷ್ಟಿ ಅಂತೆ. ಸಾರಲ್ಲಿ ಬೆಳ್ಳುಳ್ಳಿ ಬೇರೆ ಇದೆ. ಪಾಪ, ಬೈತಾನೂ ಇಲ್ಲ ಅವಳು. ಕ್ಯಾಂಡಲ್ ಮುಂದೆ ಸುಮ್ನೆ ಕೂತಿದಾಳೆ."

ನಾನು ಗೆದ್ದಿದ್ದೆ. ಆದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಹೆಂಡತಿ ಎದ್ದು ಹೋಗಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟಳು. "ನೋಡಿರ್ಲಿಲ್ವಾ?"

"ನೋಡಿದ್ದೆ."

"ಮತ್ತೆ?"

"ಅವನ ಜೊತೆ ಅಷ್ಟೊಂದು ನಗ್ತಿದ್ದೆ. ನನ್ನ ಜೊತೆ ಒಂದಿನನಾದ್ರೂ ಅಡುಗೆಮನೇಲಿ ಹಾಗೆ ನಕ್ಕಿದೀಯಾ?"

"ನೀವು ಅಡುಗೆಮನೆಗೆ ಬಂದಿದ್ದಾದ್ರೂ ಯಾವತ್ತು?"

ಯಾವ ವರ್ಷದ ಕ್ಯಾಲೆಂಡರಿನಲ್ಲೂ ಆ ದಿನಕ್ಕೆ ಕೆಂಪು ಇಂಕಿನ ಗುರುತಿರಲಿಲ್ಲ.

ಅವಳು ನಾಳೆಗೆಂದು ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆಯನ್ನು ಎಳೆದುಕೊಂಡು ನೆಲದ ಮೇಲೆ ಕೂತಳು. ಬೆಳ್ಳುಳ್ಳಿ ಹಾಕದೆ ಇನ್ನೊಂದು ಸಾರು ಮಾಡಿ, ಚಂದ್ರ ಬರುವುದರೊಳಗೆ ಮುಟ್ಟಿಸುವ ಯೋಚನೆ. ನಾನು ತಟ್ಟೆ ಮುಚ್ಚಿಟ್ಟು, ಕೈ ತೊಳೆದು, ಷಡ್ಡಕನಿಗೆ ಫೋನ್ ಮಾಡಿ ವಿಷಯ ಹೇಳಿ, ಮೊಣಕಾಲು ಮಡಿಸಲು ಒದ್ದಾಡುತ್ತ ಅವಳ ಎದುರಿಗೆ ಕೂತೆ.

ಎರಡು ಹಿಡಿ ಕಾಳು ಮುಗಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಉರಿಯತೊಡಗಿತು. ಅವಳ ಹೆಬ್ಬೆರಳನ್ನು ನೋಡಿದೆ. ಉಗುರಿನ ಪಕ್ಕದ ಚರ್ಮ ಸೀಳಿ ಒರಟಾಗಿತ್ತು. ಎಷ್ಟು ಚಳಿಗಾಲಗಳ ಅವರೆಕಾಳು ಅಲ್ಲಿ ಹಾದುಹೋಗಿತ್ತೋ! ನಾನು ನೋಡಿದ್ದು ಎಂಟು ಗಂಟೆಯ ಬಟ್ಟಲನ್ನು ಮಾತ್ರ.

ಆಗ ನನ್ನ ಕೈಯಿಂದ ಜಾರಿದ ಬೇಳೆಯೊಂದು ಹಾರಿ ಅವಳ ಹಣೆಯ ಕುಂಕುಮಕ್ಕೇ ಹೋಗಿ ಅಂಟಿಕೊಂಡಿತು. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡಳು.

ಅಷ್ಟರಲ್ಲಿ ಮತ್ತೆ ಫೋನ್. "ಭಾವ, ಹೊರಟ್ರಾ?"

ನಗುತ್ತಿದ್ದವಳ ಕೈಯಿಂದ ಇನ್ನೊಂದು ಹಿಡಿ ಕಾಳನ್ನು ನನ್ನ ಕಡೆಗೆ ಎಳೆದುಕೊಂಡು ಹೇಳಿದೆ:

"ಸ್ವಲ್ಪ ತಡ ಆಗತ್ತೆ ಕಣಪ್ಪ."