ಮಧ್ಯಾಹ್ನದ ಮೇಲೆ ಬಾಗಿಲ ಮಷೀನನ್ನು ರೇಡಿಯಂ ಕೆಲಸಕ್ಕೆ ಬಿಟ್ಟುಕೊಡುವ ಕುರಿತು

ಇಂದ,
ಗಂಗಾ ಕೋಂ ಬಾಳೇಶ,
ಅಡುಗೆಮನೆ ವಿಭಾಗ (ಹೆಚ್ಚುವರಿ ಪ್ರಭಾರ: ಅಂಗಡಿಯ ಕಂಪ್ಯೂಟರ್),
ಮು: ಕರೋಶಿ, ತಾ: ಚಿಕ್ಕೋಡಿ.

ಗೆ,
ಶ್ರೀ ಬಾಳೇಶ ಅವರು,
ಮಾಲೀಕರು, ಸಿ.ಎನ್.ಸಿ. ಬಾಗಿಲು ಕೆತ್ತನೆ ಅಂಗಡಿ, ಹಾಗೂ ಅರ್ಜಿದಾರಳ ಯಜಮಾನರು,
ಅದೇ ಮನೆ, ಮುಂದಿನ ತಗಡಿನ (ಪತ್ರಾಸ) ಶೆಡ್ಡು.

ವಿಷಯ: ಬಾಗಿಲು ಕೆತ್ತುವ ಮಷೀನನ್ನು ಪ್ರತಿದಿನ ಮಧ್ಯಾಹ್ನದ ಮೇಲೆ ಅರ್ಜಿದಾರಳ ಚಾಕುವಿಗೆ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: ತಾವು ಊಟಕ್ಕೆ ಕುಳಿತಾಗ, ಬಾಯಲ್ಲಿ ರೊಟ್ಟಿ ಇರುವಾಗಲೇ ಹೊರಡಿಸಿದ ಮೌಖಿಕ ಆದೇಶ: "ಮಷೀನ ಬೇಕಂದ್ರ ಅರ್ಜಿ ಹಾಕ."

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ತಾವು ಆ ಮಾತನ್ನು ನಗೆಚಾಷ್ಟಿಗೆ ಆಡಿದ್ದೀರಿ ಎಂಬುದು ಆಕೆಗೂ ಗೊತ್ತು. ಆದರೆ ಮದುವೆಗೆ ಮುಂಚೆ ಚಿಕ್ಕೋಡಿಯ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಸುತ್ತಲಿನ ಮಂದಿಗೆಲ್ಲ ಅರ್ಜಿ ಟೈಪ್ ಮಾಡಿಕೊಟ್ಟವಳ ಮುಂದೆ ಅಂಥ ಮಾತು ಆಡಬಾರದಿತ್ತು. ಕಾರಣ, ಪ್ರಕರಣದ ಪೂರ್ಣ ವಿವರ ಈ ಕೆಳಗಿನಂತಿದೆ.

೧. ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ರಾಯಬಾಗ ಕಡೆಯ ಟ್ರ್ಯಾಕ್ಟರಿನ ಧರೆಪ್ಪ ಎಂಬಾತನು ಬಂಗಾರ ಬಣ್ಣದ ರೇಡಿಯಂ ಅಂಟುಹಾಳೆಯ ಸುರುಳಿಯನ್ನು ಬಗಲಲ್ಲಿ ಹಿಡಿದು ತಮ್ಮ ಅಂಗಳಕ್ಕೆ ಬಂದನು. ಅವನ ಟ್ರೇಲರಿನ ಹಿಂಬದಿಗೆ, ಲೈಟು ಬಿದ್ದರೆ ಹೊಳೆಯುವ ಹಾಗೆ, "ಸಾವಕಾಶ ಬರ್ರಿ" ಎಂಬ ಅಕ್ಷರ ಬೇಕಾಗಿದ್ದವು. ಪೇಟೆಯ ರೇಡಿಯಂ ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತಿತ್ತಂತೆ. ತಾವು, ಇದು ಸಾಗವಾನಿ ಕೆತ್ತುವ ಮಷೀನು, ಹಾಳೆ ಕೊಟ್ಟರೆ ಚಿಂದಿ ಮಾಡುತ್ತದೆ ಎಂದು ಹೇಳಿ ಕಳಿಸಿದಿರಿ. ಅರ್ಜಿದಾರಳು ಹಿತ್ತಲ ಬಾಗಿಲಿಂದ ಓಡಿ ಹೋಗಿ ಅವನನ್ನು ರಸ್ತೆಯಲ್ಲಿ ನಿಲ್ಲಿಸಿದಳು.

"ಬಾಳೇಶಣ್ಣ ಆಗೂದಿಲ್ಲ ಅಂದಾನಲ್ರಿ ವೈನಿ?" ಎಂದು ಧರೆಪ್ಪ ಕೇಳಿದನು.

"ಅವರು ಮಷೀನಿನ ಮಾತ ಹೇಳ್ಯಾರ್ರಿ. ನನ್ನ ಮಾತ ಹೇಳಿಲ್ಲ. ಸುರುಳಿ ಇಟ್ಟ ಹೋಗ್ರಿ."

೨. ಸದರಿ ಧೈರ್ಯಕ್ಕೆ ಕಾರಣವಿತ್ತು. ಮಷೀನಿನ ತಲೆಯಿಂದ ಕೆತ್ತುವ ಬಿಟ್ ಬಿಚ್ಚಿ, ಅಲ್ಲಿ ಒಂದು ಸಣ್ಣ ಚಾಕು ಕಟ್ಟಿದರೆ ಅದೇ ಮಷೀನು ಹಾಳೆ ಕೊಯ್ಯುತ್ತದೆ ಎಂದು ಆಕೆ ಫೋನಿನಲ್ಲಿ ನೋಡಿದ್ದಳು. ಈ ಚಾಕು ಗರಗರ ತಿರುಗುವಂಥದ್ದಲ್ಲ. ಮಷೀನು ಎಳೆದತ್ತ ಹೋಗುತ್ತದೆ. ಹಗ್ಗ ಹಿಡಿದವರ ಹಿಂದೆ ಆಡು ಹೊರಳುವಂತೆ, ತಿರುವಿನಲ್ಲಿ ತಾನಾಗಿ ಹೊರಳುತ್ತದೆ. ಮೇಲಿನ ಹಾಳೆಯನ್ನಷ್ಟೇ ಕೊಯ್ದು ಕೆಳಗಿನ ಕಾಗದ ಹಾಗೇ ಬಿಡುತ್ತದೆ. ಆಕೆ ಕೊರಿಯರಿನಲ್ಲಿ ಅದನ್ನು ತರಿಸಿ ಜೋಳದ ಡಬ್ಬಿಯಲ್ಲಿ ಇಟ್ಟಿದ್ದಳು. ಅಂದು ಊಟಕ್ಕೆ ಬಡಿಸುತ್ತ ಮಷೀನು ಕೇಳಿದಾಗಲೇ ಉಲ್ಲೇಖಿತ ಆದೇಶ ಹೊರಬಿದ್ದದ್ದು. ಮರುದಿನ ತಾವು ಬಾಗಿಲು ಕೂಡಿಸಲು ಐಗಳಿ ಊರಿಗೆ ಹೋಗಿ ಅಲ್ಲೇ ಮುಕ್ಕಾಂ ಮಾಡಿದಿರಿ.

೩. ಮುಕ್ಕಾಮಿನ ಅವಧಿಯಲ್ಲಿ ಅರ್ಜಿದಾರಳಿಂದ ಒಂದು ತಪ್ಪು ಘಟಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಾಳೆಯನ್ನು ಹಲಗೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ, ಚಾಕು ಕಟ್ಟಿ, ದಿನದ ರೂಢಿಯಂತೆ ಬಿಟ್ ತಿರುಗಿಸುವ ಗುಂಡಿಯನ್ನೂ ಒತ್ತಿಬಿಟ್ಟಳು. ತಿರುಗಬಾರದ ಚಾಕು ತಿರುಗಿತು. ಶೆಡ್ಡಿನ ತುಂಬ ಬಂಗಾರದ ಚೂರು ಹಾರಿದವು. ಚಾಕುವಿನ ತುದಿ ಮುರಿಯಿತು. ಒಂದು ಉದ್ದನೆಯ ಎಳೆ ಗಾಳಿಯಲ್ಲಿ ತೇಲುತ್ತ ಹೋಗಿ, ಸದ್ದು ಕೇಳಿ ಒಳಗೆ ಬಂದ ಸಕ್ಕುಬಾಯಿ ಅತ್ತೆಯವರ ಹಣೆಯಿಂದ ಮೂಗಿನವರೆಗೆ ಅಂಟಿತು. ಅತ್ತೆಯವರು ಗೋಡೆಯ ಕನ್ನಡಿಯ ಮುಂದೆ ನಿಂತು ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೊರಳಿ ನೋಡಿಕೊಂಡು, "ಚಂದ ಕಾಣತೈತಿ, ಇರಲಿ ಬಿಡ" ಎಂದರು. ಅಂದು ಹಾಲು ಹಾಕಲು ಡೇರಿಗೂ ಹಾಗೆಯೇ ಹೋದರು.

೪. ಹೊಸ ತುದಿ ಹಾಕಿ, ಗುಂಡಿಯ ಮೇಲೆ ಪಟ್ಟಿ ಅಂಟಿಸಿ, ಎರಡನೇ ಸಲ ಮಷೀನು ಬಿಟ್ಟಾಗ ಚಾಕು ಸದ್ದಿಲ್ಲದೆ ಓಡಿತು. ಕನ್ನಡದ ಅಕ್ಷರವೆಲ್ಲ ದುಂಡಗೆ ಇರುವುದರಿಂದ ಅದಕ್ಕೆ ಎಲ್ಲಿಯೂ ತಡವರಿಸುವ ಪ್ರಸಂಗ ಬರಲಿಲ್ಲ; 'ಬ'ದ ಹೊಟ್ಟೆ ಸುತ್ತಿ, 'ಶ'ದ ಬಾಲ ಹಿಡಿದು ಹೊರಗೆ ಬಂತು. ಟ್ರೇಲರಿನ ಮಗ್ಗುಲಿಗೆ ಧರೆಪ್ಪನ ಹೆಂಡತಿ ಭಾಗ್ಯಾಳ ಹೆಸರು ಮರಾಠಿಯಲ್ಲಿ ಬೇಕಿತ್ತು. ಅದರ ತಲೆಗೆರೆಯ ಮೂಲೆಗೆ ಬಂದಾಗ ಮಾತ್ರ ಚಾಕು ಮುಗ್ಗರಿಸಿ ಹಾಳೆ ಎಬ್ಬಿಸಿತು. ಮೂಲೆ ಬಂದಲ್ಲಿ ಚಾಕು ಎತ್ತಿ, ಹೊರಳಿಸಿ, ಮತ್ತೆ ಇಳಿಸುವಂತೆ ಕಂಪ್ಯೂಟರಿಗೆ ತಿಳಿಸಿದ ಮೇಲೆ ಅದೂ ಸುಸೂತ್ರವಾಯಿತು. ಆಗ ಅರ್ಜಿದಾರಳು ಶೆಡ್ಡಿನಲ್ಲಿ ಒಬ್ಬಳೇ ಒಂದು ಸುತ್ತು ಗಿರಕಿ ಹೊಡೆದಳು. ಇದಕ್ಕೆ ಸಾಕ್ಷಿಗಳಿಲ್ಲ.

೫. ಕೊಯ್ದ ಹಾಳೆಯಲ್ಲಿ ಅಕ್ಷರ ಉಳಿಸಿ ಸುತ್ತಲಿನದನ್ನು ಕೀಳಬೇಕು. ಈ ಕೆಲಸಕ್ಕೆ ಅತ್ತೆಯವರು, ಆಡಿನ ಕಾಲಿನ ಮುಳ್ಳು ತೆಗೆಯುವ ತಮ್ಮ ಚಿಮಟ ಹಿಡಿದು ಸ್ವಯಂ ಹಾಜರಾದರು. ಅರ್ಜಿದಾರಳು ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಅವರು, ಓದು ಬಾರದ ಕಾರಣ, "ಸಾವಕಾಶ ಬರ್ರಿ"ಯ ಅಕ್ಷರಗಳನ್ನೇ ನಾಜೂಕಾಗಿ ಕಿತ್ತು ಹಿಟ್ಟು ನಾದುವ ಪರಾತದ ಮೇಲೆ ಸಾಲಾಗಿ ಅಂಟಿಸಿ, ಸುತ್ತಲಿನ ಹಾಳೆ ಉಳಿಸಿದ್ದರು. ಅಷ್ಟರಲ್ಲಿ ಧರೆಪ್ಪನ ಟ್ರ್ಯಾಕ್ಟರು ಅಂಗಳದಲ್ಲಿ ಬಂದು ನಿಂತಿತು. ಬೇರೆ ದಾರಿ ಕಾಣದೆ ಇದ್ದ ಹಾಳೆಯನ್ನೇ ಟ್ರೇಲರಿಗೆ ಒತ್ತಲಾಯಿತು. ಬಂಗಾರದ ನಡುವೆ ಟ್ರೇಲರಿನ ಕೆಂಪು ಬಣ್ಣವೇ ಅಕ್ಷರವಾಗಿ ಎದ್ದು ನಿಂತಿತು. ಧರೆಪ್ಪನು ಹತ್ತಿರ ಬಂದು ಹಾಳೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದ್ದರಿಂದ ಆಕೆ ಬೈಗುಳಕ್ಕೆ ತಯಾರಾದಳು. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ಇಂಥದ್ದು ನಿಪ್ಪಾಣಿ ಕಡೆಗೂ ನೋಡಿಲ್ಲ, ತಮ್ಮ ಓಣಿಯ ಟ್ರೇಲರುಗಳನ್ನೆಲ್ಲ ಕಳಿಸುತ್ತೇನೆ ಎಂದು ಹೇಳಿ ಹೋದನು.

೬. ಕಿತ್ತ ಅಕ್ಷರಗಳನ್ನು ಬಿಸಾಡಲು ಅತ್ತೆಯವರು ಒಪ್ಪದೆ, ಮನೆಯ ಎಮ್ಮೆಗೆ ಅಂಟಿಸುವುದಾಗಿ ಹೇಳಿದರು. ಎಮ್ಮೆಯ ಮೈಗೆ ರೇಡಿಯಂ ಹತ್ತುವುದಿಲ್ಲ ಎಂಬುದು ಅರ್ಜಿದಾರಳ ತಾಂತ್ರಿಕ ಅಭಿಪ್ರಾಯವಾಗಿತ್ತು. ಆಗತಾನೇ ಮೈ ತೊಳೆಸಿಕೊಂಡು ಬಿಸಿಲಿಗೆ ಒಣಗಿದ್ದ ಎಮ್ಮೆಯ ಅಭಿಪ್ರಾಯ ಬೇರೆ ಇತ್ತು. ಅಕ್ಷರಗಳು ಪರಾತದ ಮೇಲಿದ್ದ ಸಾಲಿನಲ್ಲೇ ಅದರ ಹಿಂಬದಿಗೆ ಗಟ್ಟಿಯಾಗಿ ಕೂತವು. ಅತ್ತೆಯವರು ಹಗ್ಗ ಹಿಡಿದು ಮೇಯಿಸಲು ಹೊರಟರು.

೭. ಅದೇ ಸಂಜೆ ಮಬ್ಬುಗತ್ತಲಲ್ಲಿ ತಾವು ಐಗಳಿಯಿಂದ ಗಾಡಿಯ ಮೇಲೆ ಮರಳಿ ಬರುವಾಗ, ಊರ ಹತ್ತಿರ ತಮ್ಮ ಲೈಟಿಗೆ "ಸಾವಕಾಶ ಬರ್ರಿ" ಎಂದು ಹೊಳೆಯಿತು. ಮುಂದೆ ಕಬ್ಬಿನ ಟ್ರೇಲರು ಇದೆ ಎಂದು ತಿಳಿದು ಗಾಡಿ ಸಾವಕಾಶ ಮಾಡಿದಿರಿ. ಹಾರ್ನ್ ಹೊಡೆದಿರಿ. ಟ್ರೇಲರು ಸರಿಯಲಿಲ್ಲ. ಡ್ರೈವರನ ವಂಶವನ್ನು ಬೈಯುತ್ತ ನಡಿಗೆಯ ವೇಗದಲ್ಲಿ ಹಿಂಬಾಲಿಸಿದಿರಿ. ಕೊನೆಗೆ ಟ್ರೇಲರು ತಮ್ಮದೇ ಅಂಗಳಕ್ಕೆ ಹೊರಳಿ ಬಾಲ ಬೀಸಿತು, ಅದರ ಮುಂದಿನಿಂದ ತಮ್ಮ ತಾಯಿಯವರು, "ಯಾಂವಲೇ ಅಂವ, ಆಗಿಂದ ಬೈಯಾಕತ್ತಾನ?" ಎಂದು ಕೇಳಿದರು.

ತಾವು ಗಾಡಿ ಬಿಟ್ಟು ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿರಿ. ಅರ್ಜಿದಾರಳೂ ಕಂಬ ಹಿಡಿದು ನಕ್ಕಳು. ಆಮೇಲೆ ತಾವು ಕಣ್ಣು ಒರೆಸಿಕೊಂಡು ಎಮ್ಮೆಯ ಕಡೆ ನೋಡಿದಿರಿ.

"ಅಕ್ಷರ ಇರಲಿಲ್ಲಂದ್ರ ಎಮ್ಮಿ ಕಾಣತಿದ್ದಿಲ್ಲ ಗಂಗಾ," ಎಂದಿರಿ. "ಜೋರ ಇದ್ನಿ. ಎಮ್ಮಿ ಮುಂದ ಅವ್ವ ಇದ್ಲು."

ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಬಿಟ್ ಕಟ್ಟಿ ಬಾಗಿಲಿನ ಮೇಲೆ ನವಿಲು ಕೆತ್ತತೊಡಗಿದಿರಿ. ಮಷೀನಿನ ವಿಷಯ ಎತ್ತಲಿಲ್ಲ. ಮೌನವನ್ನು ಸಮ್ಮತಿ ಎಂದು ತಿಳಿಯಬೇಕೋ, ತಿರಸ್ಕಾರ ಎಂದು ತಿಳಿಯಬೇಕೋ ಎಂಬ ಬಗ್ಗೆ ಯಾವುದೇ ಸುತ್ತೋಲೆ ಇಲ್ಲದ ಕಾರಣ ಲಿಖಿತವಾಗಿ ಕೇಳಬೇಕಾಗಿ ಬಂದಿದೆ.

ಆದ್ದರಿಂದ ಬೆಳಿಗ್ಗೆ ತಮ್ಮ ನವಿಲು, ಕಮಲಗಳಿಗೆ ಯಾವ ಭಂಗವೂ ಬಾರದಂತೆ, ಮಧ್ಯಾಹ್ನದ ಮೇಲೆ ಸದರಿ ಮಷೀನನ್ನು ಅರ್ಜಿದಾರಳಿಗೆ ಬಿಟ್ಟುಕೊಟ್ಟು ಆದೇಶಿಸಬೇಕೆಂದು ಕೇಳಿಕೊಳ್ಳಲಾಗಿದೆ.

ತಮ್ಮ ವಿಶ್ವಾಸಿ, ತಮ್ಮ ಮನೆಯಾಕೆ,
ಗಂಗಾ

ಲಗತ್ತು:
ಮುರಿದ ಚಾಕುವಿನ ತುದಿ.
'ಶ' ಅಕ್ಷರ (ಎಮ್ಮೆ ಗೋಡೆಗೆ ಮೈ ತಿಕ್ಕಿದಾಗ ಬಿದ್ದದ್ದು).
ಸಕ್ಕುಬಾಯಿ ಅತ್ತೆಯವರ ಶಿಫಾರಸು. ಇದು ಬಾಯಿಮಾತಿನದು, ಅಂಗಳದಿಂದ ಈಗಲೂ ಕೇಳಿಸುತ್ತಿದೆ.

ವಿ.ಸೂ.: ಈ ಅರ್ಜಿ ಬರೆಯುತ್ತಿರುವಾಗಲೇ ತಾವು ಬೆನ್ನ ಹಿಂದೆ ನಿಂತು ಪೂರ್ತಿ ಓದಿ ಶೆಡ್ಡಿಗೆ ಹೋಗಿದ್ದೀರಿ. ಅರ್ಜಿದಾರಳು ಹೋಗಿ ನೋಡಲಾಗಿ, ತಾವೇ ಚಾಕು ಕಟ್ಟಿಕೊಂಡು, ಉಳಿದ ರೇಡಿಯಂ ಹಾಸಿ, ಅದರಲ್ಲಿ ನವಿಲು ಕೊಯ್ಯುತ್ತ ಕಂಪ್ಯೂಟರಿನ ಮುಂದಿನ ಬೆಂಚಿನ ತುಂಬ ಕುಳಿತಿರುವುದು ಕಂಡುಬಂದಿದೆ. ಕಾರಣ, ಮೇಲಿನ ಬೇಡಿಕೆಯ ಜೊತೆಗೆ, ದಯಮಾಡಿ ತುಸು ಸರಿದು ಕೂಡ್ರಬೇಕಾಗಿ ವಿನಂತಿ.