ಒಂದು ತಲೆಯೂ ಬೀಳದ ಗೆಲುವನ್ನು ದಾಖಲಿಸಿಕೊಳ್ಳುವ ಕುರಿತು

ಇಂದ:
ಉನೊಕಿ ಮಾಗೊರೊಕು, ವಯಸ್ಸು ನಲವತ್ತೊಂಬತ್ತು,
ಕುರೊಸೆ ಮನೆತನದ ಯುದ್ಧ ಸಲಹೆಗಾರ,
ಇವಾನೆ ಗುಡ್ಡದ ಬುಡದ ಪಾಳೆಯ.

ಗೆ:
ಮಾನ್ಯ ಹಿರಿಯ ಮಂತ್ರಿಗಳು,
ತಲೆ ಪರಿಶೀಲನೆ ಹಾಗೂ ವಿಜಯ ದಾಖಲಾತಿ ಕಚೇರಿ,
ಕುರೊಸೆ ಕೋಟೆ.

ಮೂಲಕ:
ಸುಗಾಯ ಜೆನ್‌ಬೆಯ್ ಅವರು, ಸದರಿ ಕಚೇರಿಯ ಗುಮಾಸ್ತರು.

ವಿಷಯ: ಇವಾನೆ ಕೋಟೆಯನ್ನು ಗೆದ್ದಿರುವುದನ್ನು ಗೆದ್ದಿದ್ದೇವೆ ಎಂದೇ ಬರೆದುಕೊಂಡು, ಅಲ್ಲಿ ಒತ್ತೆಯಾಗಿರುವ ನನ್ನ ತಾಯಿಯನ್ನು ಬಿಡಿಸಿಕೊಡುವ ಬಗ್ಗೆ.

ಉಲ್ಲೇಖ:
(ಅ) ನನ್ನ ಮೊದಲ ಅರ್ಜಿ, ಹಂದಿ ವರ್ಷದ ಎಂಟನೆಯ ತಿಂಗಳ ಹದಿನೇಳನೆಯ ದಿನ. ಹಿಂದಿರುಗಿಸಲಾಗಿದೆ. ಕಾರಣ: ತಲೆ ಲಗತ್ತಿಸಿಲ್ಲ.
(ಆ) ನನ್ನ ಎರಡನೆಯ ಅರ್ಜಿ, ಅದೇ ತಿಂಗಳ ಇಪ್ಪತ್ತೆರಡನೆಯ ದಿನ. ಹಿಂದಿರುಗಿಸಲಾಗಿದೆ. ಕಾರಣ: ಮೊದಲಿನದೇ.
(ಇ) ಇಪ್ಪತ್ತೆಂಟನೆಯ ದಿನ ತಮ್ಮ ಕಚೇರಿಯಲ್ಲಿ ನಾನು ಆಡಿದ ನಾಲ್ಕು ಮಾತುಗಳು. ಮೂರನ್ನು ಹಿಂತೆಗೆದುಕೊಂಡಿದ್ದೇನೆ. ನಾಲ್ಕನೆಯದು ಹಾಗೇ ಇದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಮೂರನೆಯ ಸಲ ವಿನಂತಿಸಿಕೊಳ್ಳುವುದೇನೆಂದರೆ, ನಾನು ಓದಿದ್ದು ನಮ್ಮೂರ ಗುಡಿಯ ಪಾಠಶಾಲೆಯಲ್ಲಿ, ಅದೂ ನಾಲ್ಕೇ ಚಳಿಗಾಲ. ಯುದ್ಧಗ್ರಂಥಗಳನ್ನು ಬಾಯಿಪಾಠ ಒಪ್ಪಿಸುವ ಸಲಹೆಗಾರರು ಬೇರೆ ಮನೆತನಗಳಲ್ಲಿದ್ದಾರೆ. ನನಗೆ ಬರುವುದು ನೆಲ ನೋಡುವುದು, ಮೋಡ ನೋಡುವುದು, ಮನುಷ್ಯರನ್ನು ನೋಡುವುದು. ಆದ್ದರಿಂದ ಈ ಅರ್ಜಿಯಲ್ಲಿ ವಿನಯ ಕಡಿಮೆ ಬಿದ್ದಲ್ಲಿ ತಾವೇ ಸೇರಿಸಿಕೊಂಡು ಓದಬೇಕು.

೧. ಕಳೆದ ತಿಂಗಳ ಆರಂಭದಲ್ಲಿ, ದೊರೆಗಳ ಅಪ್ಪಣೆಯ ಮೇರೆಗೆ, ನಮ್ಮ ಎಂಟುನೂರು ಜನ ಇವಾನೆ ಕೋಟೆಗೆ ಮುತ್ತಿಗೆ ಹಾಕಿದರು. ಒಳಗೆ ಕೋಟೆಯ ಒಡೆಯ ಮಿನಾವಾ ಹ್ಯೋಗೊ ಮತ್ತು ಮುನ್ನೂರು ಜನ. ಆ ಮುನ್ನೂರರಲ್ಲಿ ಇನ್ನೂರ ಅರವತ್ತು ಜನ ಗುಡ್ಡದ ಕೆಳಗಿನ ಹಳ್ಳಿಯವರು. ಕೈಗೆ ಈಟಿ ಕೊಟ್ಟರೆ ಸೈನಿಕರು, ಕಿತ್ತುಕೊಂಡರೆ ರೈತರು. ಗುಡ್ಡದ ಸುತ್ತಲಿನ ಗದ್ದೆಗಳೆಲ್ಲ ಅವರವೇ. ಭತ್ತ ಬಲಿತು ಬಾಗಿತ್ತು.

೨. ಇಂಥ ಸಮಯದಲ್ಲಿ ಪೈರಿಗೆ ಬೆಂಕಿ ಇಡುವುದು ವಾಡಿಕೆ. ದೊರೆಗಳ ಅಣ್ಣನ ಮಗ, ದಂಡನಾಯಕ ಶಿಗೆಹಾರು ಅವರು ಪಂಜುಗಳನ್ನೂ ತರಿಸಿದ್ದರು. ನಾನು ಬೇಡವೆಂದೆ. ಪೈರು ಸುಟ್ಟರೆ ರೈತನಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದ ರೈತ ಕೋಟೆಯೊಳಗೇ ಕೂತು ಸಾಯುತ್ತಾನೆ, ಸಾಯುವ ಮೊದಲು ನಮ್ಮಲ್ಲಿ ನಾಲ್ವರನ್ನು ಕೊಲ್ಲುತ್ತಾನೆ. ಕಾರಣ, ಪೈರನ್ನು ಸುಡದೆ ಕೊಯ್ಯುವಂತೆ ಸೂಚಿಸಿದೆ. ಒಂದೊಂದು ಗದ್ದೆಯ ಭತ್ತವನ್ನೂ ಬೇರೆಬೇರೆ ಹೊರೆ ಕಟ್ಟಿ, ಗದ್ದೆಯವನ ಹೆಸರು ಬರೆದ ಮರದ ಚೀಟಿ ತೂಗಿಸಿ, ಕೋಟೆಗೆ ಕಾಣುವಂತೆ ಬಿದಿರ ಗಳುಗಳ ಮೇಲೆ ಒಣಹಾಕಿಸಿದೆ. ಹೆಸರುಗಳನ್ನು ಹಳ್ಳಿಯಲ್ಲಿ ಉಳಿದಿದ್ದ ಮುದುಕಿಯರು ಹೇಳಿದರು. ಕೊಯ್ಯುವ ಕೆಲಸಕ್ಕೆ ಬೇಕುಬೇಕೆಂದೇ ನಮ್ಮ ಕುದುರೆ ಸವಾರರನ್ನು ಇಳಿಸಿದೆ. ಅವರು ಹುಟ್ಟಿದಂದಿನಿಂದ ಕುಡುಗೋಲು ಮುಟ್ಟಿದವರಲ್ಲ.

೩. ಮೊದಲ ದಿನ ಕೋಟೆ ಸುಮ್ಮನೆ ನೋಡಿತು. ಎರಡನೆಯ ದಿನ ಗೋಡೆಯ ಮೇಲಿಂದ ಕೂಗು ಶುರುವಾಯಿತು.

“ಲೇ, ಬುಡಕ್ಕೆ ಕೊಯ್ಯೋ! ಮೊಣಕಾಲಿಗೆ ಕೊಯ್ತಿದ್ದೀಯಲ್ಲ, ನಿಮ್ಮಪ್ಪ ಹಂಗೇ ಕೊಯ್ತಿದ್ನಾ?”

“ನಮ್ಮಪ್ಪ ಕುದುರೆ ಮೇಲೇ ಹುಟ್ಟಿ ಕುದುರೆ ಮೇಲೇ ಸತ್ತ!” ಎಂದ ನಮ್ಮ ಸವಾರ.

“ಹಂಗಾದ್ರೆ ನೀನೂ ಹೋಗಿ ಅಲ್ಲೇ ಸಾಯಿ, ನನ್ನ ಗದ್ದೆ ಬಿಟ್ಟು ಮೇಲಕ್ಕೆ ಹತ್ತು ಮೊದ್ಲು!”

“ಕಾಳೆಲ್ಲ ಉದುರ್ತಾ ಐತಲ್ಲೋ ಮಾವ, ನಂಗೆ ನೋಡಕ್ಕಾಗಲ್ಲ ಕಣೋ,” ಎಂದು ಇನ್ನೊಬ್ಬ ಗೋಡೆಯ ಮೇಲೆಯೇ ಕುಕ್ಕರಿಸಿ ಅತ್ತ.

ಮೂರನೆಯ ದಿನ ಯೊಸುಕೆ ಎಂಬ ರೈತ ಹಿಂದಿನ ಗೋಡೆಯಿಂದ ಹಗ್ಗದಲ್ಲಿ ಇಳಿದು ಬಂದು, ಯಾರನ್ನೂ ಮಾತನಾಡಿಸದೆ, ನಮ್ಮ ಸವಾರನ ಕೈಯಿಂದ ಕುಡುಗೋಲು ಕಿತ್ತುಕೊಂಡು ತನ್ನ ಗದ್ದೆ ಕೊಯ್ಯತೊಡಗಿದ. ಹಾಗೆ ಇಳಿದು ಬಂದವರನ್ನು ಯಾರೂ ಮುಟ್ಟಕೂಡದೆಂದು ನಾನು ಮೊದಲೇ ಹೇಳಿದ್ದೆ. ಐದನೆಯ ದಿನದ ಹೊತ್ತಿಗೆ ಇನ್ನೂರ ಐವತ್ತೆಂಟು ಜನ ಕೆಳಗಿದ್ದರು. ಈ ಅವಧಿಯಲ್ಲಿ ಹಾರಿದ ಬಾಣ ಒಂದು. ಅದು ತೀರಾ ಕೆಟ್ಟದಾಗಿ ಕೊಯ್ಯುತ್ತಿದ್ದ ಸವಾರನ ಟೋಪಿಗೆ ಬಿತ್ತು. ಆ ಬಗ್ಗೆ ನಮ್ಮ ಕಡೆಯಿಂದಲೂ ಆಕ್ಷೇಪಣೆ ಇಲ್ಲ.

೪. ಉಳಿದ ನಲವತ್ತು ಚಿಲ್ಲರೆ ಜನರೊಂದಿಗೆ ಮಿನಾವಾ ಹ್ಯೋಗೊ ಬಾಗಿಲಿಗೆ ಬಂದ.

“ಯಜಮಾನ್ರೇ, ಇದೂ ಒಂದು ಯುದ್ಧಾನಾ? ನಾಳೆ ಮೊಮ್ಮಕ್ಕಳು ಕೇಳಿದ್ರೆ ಏನು ಹೇಳ್ಲಿ? ನಿಮ್ಮವರಿಗೆ ಭತ್ತ ಕೊಯ್ಯೋಕೆ ಬರ್ಲಿಲ್ಲ, ಅದಕ್ಕೆ ನಾನು ಸೋತೆ ಅನ್ಲಾ?”

“ಕೇಳೋಕೆ ಮೊಮ್ಮಕ್ಕಳು ಇರ್ತಾರಲ್ಲ, ಏನಾದ್ರೂ ಹೇಳ್ಕೊಳ್ಳಿ.”

ಹೀಗೆ ಒಪ್ಪಂದವಾಯಿತು. ನಮ್ಮ ದೊರೆಗಳ ಕೆಂಪು ಮೊಹರು ಬಿದ್ದ ಪತ್ರ ಬಂದ ಕ್ಷಣ ಆತ ಬಾಗಿಲು ತೆರೆಯಬೇಕು, ಅವನ ಜನರೆಲ್ಲ ಜೀವಸಹಿತ ಮನೆಗೆ ಹೋಗಬೇಕು. ಅಲ್ಲಿಯವರೆಗೆ ನಾವು ಮೋಸ ಮಾಡದಂತೆ ಒತ್ತೆಗೆ ಒಬ್ಬರು ಬೇಕು. ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಕುರೊಸೆ ಕೋಟೆಯಿಂದ ತಾಯಿ ಓತೊಮೆಯನ್ನು ಡೋಲಿಯಲ್ಲಿ ಕರೆಸಿದೆ. ವಯಸ್ಸು ಎಪ್ಪತ್ತಮೂರು. ಹೇಗೆ ಹೇಳುವುದೆಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆಯೇ ಅವಳು ಗುಡ್ಡ ಹತ್ತತೊಡಗಿದ್ದಳು.

“ಅವ್ವ, ನಾಲ್ಕೇ ದಿನ,” ಎಂದೆ.

“ಹೋಗ್ತೀನಿ ಬಿಡೋ. ನಿನ್ನ ಸಿಟ್ಟಿಗೆ ನಲವತ್ತೊಂಬತ್ತು ವರ್ಷ ಒತ್ತೆ ಇದ್ದೋಳಿಗೆ ಅಲ್ಲಿ ನಾಲ್ಕು ದಿನ ಇರೋದು ಕಷ್ಟವಾ?”

ಆ ನಾಲ್ಕು ದಿನ ಇವತ್ತಿಗೆ ಹತ್ತೊಂಬತ್ತಾಗಿದೆ.

೫. ಏಕೆಂದರೆ, ಗೆಲುವು ತಮ್ಮ ಕಚೇರಿಯ ಪುಸ್ತಕದಲ್ಲಿ ದಾಖಲಾಗದೆ ಮೊಹರು ಬೀಳುವುದಿಲ್ಲ, ತಲೆ ಇಲ್ಲದೆ ಗೆಲುವು ದಾಖಲಾಗುವುದಿಲ್ಲ. ಇಪ್ಪತ್ತೆಂಟನೆಯ ದಿನ ನಾನೇ ಖುದ್ದಾಗಿ ಹಾಜರಾದಾಗ ಸುಗಾಯ ಅವರು ಕುಂಚ ಹಿಡಿದು ಕೇಳಿದರು:

“ತಲೆ ಎಷ್ಟು?”

“ಇಲ್ಲ.”

“ಇಲ್ಲ ಅಂದ್ರೆ ತಂದಿಲ್ವೋ, ಕಡಿದಿಲ್ವೋ?”

“ಕಡಿದಿಲ್ಲ.”

“ದೂರದಿಂದ ಬಂದೋರು ಮೂಗು ತರ್ತಾರೆ, ಅದೂ ನಡೆಯುತ್ತೆ. ಮೂಗು?”

“ಎಲ್ಲರ ಮೂಗೂ ಅವರವರ ಮುಖದಲ್ಲೇ ಇದೆ ಸ್ವಾಮಿ.”

“ಹಂಗಾದ್ರೆ ನೀವು ಗೆದ್ರಿ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

ಗಾಯದ ಕಲಂಗೆ ನನ್ನ ಎಡ ಹಿಮ್ಮಡಿ ತೋರಿಸಿದೆ. ಶತ್ರುವಿನ ಆಯುಧವೇ ಎಂದು ಕೇಳಿದರು. ಸವಾರರಿಗೆ ಕೊಯ್ಯುವುದು ತೋರಿಸಲು ಹೋಗಿ ನನ್ನದೇ ಕುಡುಗೋಲು ತಗುಲಿದ್ದೆಂದೆ. “ಸ್ವಂತ ಗಾಯ” ಎಂದು ಬರೆದುಕೊಂಡರು. ಸಾಕ್ಷಿಗಳ ಕಲಂಗೆ ಇನ್ನೂರ ಐವತ್ತೆಂಟು ರೈತರನ್ನು ಹೆಸರಿಸಿದೆ. ಅವರು ಶತ್ರುಗಳಾದ್ದರಿಂದ, ಬದುಕಿರುವ ತನಕ ಅವರ ಸಾಕ್ಷಿ ನಡೆಯುವುದಿಲ್ಲವೆಂದರು. ಸತ್ತಿದ್ದರೆ ತಲೆಯೇ ಸಾಕ್ಷಿಯಾಗುತ್ತಿತ್ತಂತೆ. ಮೇಲಾಗಿ, ತಲೆಗೆ ಕಟ್ಟಲೆಂದು ಕೊಟ್ಟ ಮುನ್ನೂರು ಮರದ ಚೀಟಿಗಳನ್ನು ಭತ್ತದ ಹೊರೆಗೆ ಕಟ್ಟಿದ್ದೇಕೆ ಎಂದು ವಿವರಣೆಯನ್ನೂ ಕೇಳಿದ್ದಾರೆ. ವಿವರಣೆ: ಕೈಗೆ ಸಿಕ್ಕಿದ್ದು ಅದೇ.

೬. ಆಮೇಲೆ ಅವರು ಬಾಗಿಲು ಸರಿಸಿ ಮುಚ್ಚಿ, ದನಿ ತಗ್ಗಿಸಿ, ಹಿತವಾಗಿಯೇ ಹೇಳಿದರು: “ನೋಡಿ ಉನೊಕಿಯವರೇ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಒಂದೇ ಒಂದು ತಲೆ ತನ್ನಿ ಸಾಕು. ಇದ್ದಿಲು ಸುಡೋನದ್ದೋ, ಭಿಕ್ಷುಕಂದೋ, ಯಾರದು ಅಂತ ಪುಸ್ತಕ ಕೇಳಲ್ಲ. ಹಲ್ಲಿಗೊಂದಿಷ್ಟು ಕಪ್ಪು ಹಚ್ಚಿಸಿಬಿಟ್ರೆ ದೊಡ್ಡ ಮನೆತನದೋನು ಅಂತಲೇ ಬರ್ಕೋತೀವಿ. ಎಲ್ಲರೂ ಮಾಡೋದೇ.”

ಉಲ್ಲೇಖ (ಇ)ರಲ್ಲಿ ಕಾಣಿಸಿದ ನಾಲ್ಕು ಮಾತುಗಳು ಹುಟ್ಟಿದ್ದು ಈ ಸಂದರ್ಭದಲ್ಲಿ. ಆದರೂ ಈ ಅರ್ಜಿ ಅವರ ಕೈಯಿಂದಲೇ ಹಾದು ತಮಗೆ ತಲುಪಬೇಕಾದ ಕಾರಣ, ಅವರು ಸಜ್ಜನರೆಂದು ಇಲ್ಲಿ ನಮೂದಿಸುತ್ತೇನೆ.

೭. ಇಷ್ಟರಲ್ಲಿ ದಂಡನಾಯಕರು ಸುಲಭದ ದಾರಿ ಹುಡುಕಿದ್ದಾರೆ. ಕೋಟೆಗೆ ನುಗ್ಗಿ ನಲವತ್ತು ತಲೆ ಕಡಿದರೆ ದಾಖಲೆ ತಾನಾಗಿ ಸರಿಹೋಗುತ್ತದೆಂದು ಅವರ ವಾದ. ದಾಳಿಗೆ ಶುಭದಿನ ನೋಡಿ ಹೇಳುವುದು ಸಲಹೆಗಾರನ ಕರ್ತವ್ಯವಾದ್ದರಿಂದ, ನನ್ನ ತಾಯಿ ಕೂತಿರುವ ಕೋಟೆಗೆ ನುಗ್ಗಲು ಒಳ್ಳೆಯ ದಿನ ಹುಡುಕಿಕೊಡುವಂತೆ ನನಗೇ ಆಜ್ಞೆಯಾಗಿದೆ. ಕರ್ತವ್ಯವನ್ನು ನಾನು ಶ್ರದ್ಧೆಯಿಂದಲೇ ಮಾಡುತ್ತಿದ್ದೇನೆ. ಇಪ್ಪತ್ತೊಂಬತ್ತನೆಯ ದಿನ ಶಾಸ್ತ್ರದ ಪ್ರಕಾರ ಪಶ್ಚಿಮ ದಿಕ್ಕು ಮುಚ್ಚಿತ್ತು. ಈ ತಿಂಗಳ ಎರಡನೆಯ ದಿನ ಕಾಗೆ ಎಡಕ್ಕೆ ಹಾರಿತು. ಮೂರನೆಯ ದಿನ ಅದೇ ಕಾಗೆ ಬಲಕ್ಕೆ ಹಾರಿತು, ಅದು ಇನ್ನೂ ಕೆಟ್ಟದ್ದು.

“ಏನ್ರೀ ಇದು?” ಎಂದರು ದಂಡನಾಯಕರು. “ಇಡೀ ಪಂಚಾಂಗದಲ್ಲಿ ಒಂದು ಒಳ್ಳೆ ದಿನ ಇಲ್ವಾ?”

“ಈ ವರ್ಷದ್ದು ಹಂಗೇ ಬಂದಿದೆ ಬುದ್ಧಿ.”

“ನಿಮ್ಮ ತಾಯಿ ಒಳಗಿದ್ದಾರೆ ಅಂತ ತಾನೆ?”

“ಹೌದು.”

ದಂಡನಾಯಕರು ಪಂಚಾಂಗ ಮುಚ್ಚಿಟ್ಟರು. ಅವರು ಕೆಟ್ಟವರಲ್ಲ, ಇಪ್ಪತ್ತೆರಡು ವರ್ಷದವರು ಅಷ್ಟೇ. “ಹನ್ನೆರಡನೇ ದಿನ ನುಗ್ತೀವಿ,” ಎಂದರು. “ಕಾಗೆ ಎಲ್ಲಿಗಾದ್ರೂ ಹಾರ್ಲಿ.”

೮. ಈ ಸುದ್ದಿ ಕೇಳಿ ಮಿನಾವಾ ಹ್ಯೋಗೊ ರೈತ ಯೊಸುಕೆಯ ಮೂಲಕ ಹೇಳಿ ಕಳಿಸಿದ ಮಾತು: “ಯಜಮಾನ್ರೇ, ಮೊಹರು ಬೇಗ ತರ್ಸಿ. ನಿಮ್ಮ ತಾಯಿ ನಮ್ಮ ಅಡುಗೆಮನೆ ಹಿಡಿದುಬಿಟ್ಟಿದ್ದಾರೆ. ಸಾರಿಗೆ ಉಪ್ಪು ಹಾಕೋಕೂ ಅವರ ಅಪ್ಪಣೆ ಬೇಕು. ನಾನು ಕೂತರೆ ಬೆನ್ನು ನೆಟ್ಟಗಿಡು ಅಂತ ಬೈತಾರೆ, ನನ್ನ ತಾಯಿ ಸತ್ತಮೇಲೆ ಹಂಗೆ ಬೈದೋರು ಯಾರೂ ಇರಲಿಲ್ಲ. ಆದ್ರೆ ನಿಮ್ಮವರು ನುಗ್ಗಿದ್ರೆ ನಾನು ಕೊಟ್ಟ ಮಾತಿಗೆ ತಪ್ಪೋಕಾಗಲ್ಲ. ಮೊದಲು ನಿಮ್ಮ ತಾಯಿ, ಆಮೇಲೆ ನಾನು. ಕತ್ತಿ ನಾನೇ ಹಿಡೀತೀನಿ, ಬೇರೆಯೋರ ಕೈಲಿ ಬಿಡಲ್ಲ.”

ಆತ ಹೇಳಿದಂತೆ ಮಾಡುವವನು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತಾಯಿ ಹೇಳಿ ಕಳಿಸಿದ್ದು ಬೇರೆ: “ಚಳಿ ಶುರುವಾಗ್ತಿದೆ, ನನ್ನ ಹತ್ತಿ ಅಂಗಿ ಕಳ್ಸು. ಮತ್ತೆ ಕಚೇರಿಗೆ ಹೋಗಿ ಜಗಳ ಆಡಬೇಡ.”

೯. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕೊಟ್ಟ ಸಲಹೆಗಳಿಂದ ಎಷ್ಟು ತಲೆಗಳು ಬಂದಿವೆಯೆಂಬುದು ತಮ್ಮ ಪುಸ್ತಕಗಳಲ್ಲಿದೆ. ಅವೆಲ್ಲ ಕಡಿದವರ ಹೆಸರಿನಲ್ಲಿವೆ, ಒಂದೂ ನನ್ನ ಹೆಸರಿನಲ್ಲಿಲ್ಲ. ಅದನ್ನು ನಾನು ಎಂದೂ ಕೇಳಿಲ್ಲ. ಕೇಳಲು ಮುಖವೂ ಇರಲಿಲ್ಲ. ಒಂದೇ ಒಂದು ಸಲ ಯಾರೂ ಸಾಯದಂತೆ ಕೆಲಸ ಮುಗಿಸಿದೆ, ಅದೊಂದನ್ನು ಮಾತ್ರ ಬರೆದುಕೊಳ್ಳಿ ಎಂದು ಕೇಳುತ್ತಿದ್ದೇನೆ.

೧೦. ನಿಯಮ ಬದಲಾಗುವುದಿಲ್ಲವೆಂದು ನನಗೆ ಗೊತ್ತು. ದಾಖಲೆಗೆ ಒಂದು ತಲೆ ಬೇಕು. ಅದು ಯಾರದೆಂದು ಪುಸ್ತಕ ಕೇಳುವುದಿಲ್ಲವೆಂದು ಸುಗಾಯ ಅವರೇ ತಿಳಿಸಿರುತ್ತಾರೆ. ಇದ್ದಿಲು ಸುಡುವವನಿಗೆ ಅವನ ತಲೆಯಿಂದ ಇನ್ನೂ ಕೆಲಸವಿದೆ. ನನಗೆ ಈ ಹನ್ನೆರಡನೆಯ ದಿನದ ನಂತರ ಇರುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಇವಾನೆ ಕೋಟೆಯ ವಿಜಯಕ್ಕೆ ಸಂಬಂಧಿಸಿದ ತಲೆಯ ಕಲಂನಲ್ಲಿ ನನ್ನದನ್ನು ನಮೂದಿಸಿಕೊಳ್ಳಬೇಕಾಗಿ ಕೋರುತ್ತೇನೆ. ಕ್ರಮ ಮಾತ್ರ ಹೀಗಿರಬೇಕು: ಮೊದಲು ದಾಖಲೆ, ನಂತರ ಮೊಹರು, ನಂತರ ಬಾಗಿಲು, ನಂತರ ನನ್ನ ತಾಯಿ ಗುಡ್ಡ ಇಳಿದು ಡೋಲಿ ಹತ್ತುವುದು, ನಂತರ ತಲೆ. ಹಿಂದುಮುಂದಾದರೆ ಅರ್ಜಿಯನ್ನು ವಾಪಸ್ ಪಡೆಯಲಾಗುವುದು. ಕಡಿದವರ ಹೆಸರಿನ ಕಲಂನಲ್ಲಿ ಸುಗಾಯ ಜೆನ್‌ಬೆಯ್ ಎಂದು ಬರೆದುಕೊಳ್ಳಲು ನನ್ನ ಅಭ್ಯಂತರವಿಲ್ಲ. ಇಷ್ಟು ವರ್ಷ ಎಣಿಸಿಯೂ ಅವರ ಹೆಸರಿನಲ್ಲಿ ಒಂದೂ ಇಲ್ಲ.

ಹನ್ನೆರಡನೆಯ ದಿನದ ಒಳಗಾಗಿ ಉತ್ತರ ಬರುವುದೆಂದು ನಂಬಿರುವ,

ತಮ್ಮ ವಿಶ್ವಾಸಿ,
ಉನೊಕಿ ಮಾಗೊರೊಕು

ಸ್ಥಳ: ಇವಾನೆ ಪಾಳೆಯ
ದಿನಾಂಕ: ಹಂದಿ ವರ್ಷ, ಒಂಬತ್ತನೆಯ ತಿಂಗಳು, ಐದನೆಯ ದಿನ

ಲಗತ್ತುಗಳು:
ಅ. ಮಿನಾವಾ ಹ್ಯೋಗೊ ಜೊತೆಗಿನ ಒಪ್ಪಂದದ ಪ್ರತಿ.
ಆ. ಮರದ ಚೀಟಿಗಳು, ಇನ್ನೂರ ತೊಂಬತ್ತೊಂಬತ್ತು. ರೈತರ ಹೆಸರುಗಳನ್ನು ಕೆರೆದು ತೆಗೆಯಲಾಗಿದೆ. ಉಳಿದ ಒಂದರ ಮೇಲೆ ನನ್ನ ಹೆಸರು ಬರೆದು ನನ್ನ ಬಳಿ ಇಟ್ಟುಕೊಂಡಿದ್ದೇನೆ.
ಇ. ತಲೆ, ಒಂದು. ಸದ್ಯಕ್ಕೆ ಲಗತ್ತಿಸಿಲ್ಲ. ಅರ್ಜಿದಾರನೇ ಖುದ್ದಾಗಿ ತರುವನು.

ಕೊನೆಯ ಕೋರಿಕೆ: ಬಂದ ತಲೆಗಳನ್ನು ತೊಳೆದು, ಕೂದಲು ಬಾಚಿ, ಹಲಗೆಯ ಮೇಲೆ ಇಡುವ ಹೆಂಗಸರಲ್ಲಿ ನನ್ನ ತಾಯಿ ಮೂವತ್ತು ವರ್ಷಗಳಿಂದ ದುಡಿಯುತ್ತಿರುವುದು ತಮ್ಮ ಕಚೇರಿಗೆ ತಿಳಿದೇ ಇದೆ. ಈವರೆಗೆ ಅವಳು ರಜೆ ಕೇಳಿದವಳಲ್ಲ. ಆ ದಿನ ಅವಳು ಕೇಳದಿದ್ದರೂ ಅವಳಿಗೆ ರಜೆ ಮಂಜೂರು ಮಾಡಬೇಕು. ಒಂದು ದಿನ ಸಾಕು.