ತೊಡೆಯೊಳಗಿನ ಫಾರಿನ್

ನಮ್ಮ ಚಿಕ್ಕಪ್ಪ ಪೂರ್ತಿ ಭಾರತೀಯರಲ್ಲ! ನನ್ನ ಮೇಲೆ ರೇಗಬೇಡಿ, ಈ ಮಾತು ಅವರದೇ. ಸೈನ್ಯದಲ್ಲಿದ್ದಾಗ ಗಡಿಯಲ್ಲಿ ಸಿಡಿದ ಶೆಲ್ಲಿನ ಒಂದು ಚೂರು, ಹುಣಸೆ ಬೀಜದಷ್ಟು, ಅವರ ಬಲತೊಡೆ ಹೊಕ್ಕು ಅಲ್ಲೇ ಉಳಿದುಬಿಟ್ಟಿದೆ. "ಮಿಕ್ಕಿದ್ದೆಲ್ಲ ನಮ್ಮೂರು ಬಾಗಲಗುಂಟೆ ಕಣೋ, ಇಷ್ಟು ಮಾತ್ರ ಫಾರಿನ್" ಎಂದು ತೊಡೆ ತಟ್ಟುತ್ತಾರೆ. ಇದು ಹೆಮ್ಮೆಯೋ, ದೂರೋ? ಜೊತೆಯಲ್ಲಿ ಸಂಸಾರ ಮಾಡಿದ ಚಿಕ್ಕಮ್ಮನಿಗೇ ಗೊತ್ತಾಗಿಲ್ಲ, ಇನ್ನು ನನಗೆಲ್ಲಿಂದ ಗೊತ್ತಾಗಬೇಕು!

ನಾಗಸಂದ್ರ ಮೆಟ್ರೋದಲ್ಲಿ ತಪಾಸಣೆಯ ಯಂತ್ರ ಅವರ ತೊಡೆಯ ಹತ್ತಿರ ಬಂದರೆ ಸಾಕು, ಕುಂಯ್ ಅನ್ನುತ್ತದೆ. ಒಮ್ಮೆ ಹೊಸ ಗಾರ್ಡ್ ಅಡ್ಡ ಹಾಕಿದ.

"ಜೇಬಲ್ಲಿ ಏನಿದೆ ಸಾರ್, ತೆಗೀರಿ."

"ಜೇಬಲ್ಲಲ್ಲಪ್ಪ, ಒಳಗೆ. ಶೆಲ್ಲಿನ ಚೂರು."

"ಅದನ್ನ ಆಚೆ ಇಟ್ಟು ಬನ್ನಿ ಸಾರ್!"

ಚಿಕ್ಕಪ್ಪ ಗಾಯದ ಗುರುತು ತೋರಿಸಲು ಪ್ಯಾಂಟಿನ ಗುಂಡಿಗೇ ಕೈ ಹಾಕಿದರು. ನಾನು ಹೌಹಾರಿ ಆ ಕೈ ಹಿಡಿದುಕೊಂಡು ವಿಷಯ ಬಿಡಿಸಿ ಹೇಳಿದೆ. ಗಾರ್ಡ್ ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಸರಿ, ಅಲ್ಲಿಗೆ ಮುಗಿಯಿತೇ? "ಅವನು ಸೆಲ್ಯೂಟ್ ಹೊಡ್ದಿದ್ದು ನಂಗಾ, ಚೂರಿಗಾ?" ಎಂದು ರೈಲು ಪೀಣ್ಯ ದಾಟುವವರೆಗೂ ನನ್ನ ತಲೆ ತಿಂದರು.

ಅವರ ಮನೆಯ ಮಹಡಿಯಲ್ಲಿ ರಾಯಚೂರಿನವನೊಬ್ಬ ಬಾಡಿಗೆಗಿದ್ದಾನೆ, ಪೀಣ್ಯದಲ್ಲಿ ಲೇತ್ ಕೆಲಸ. ಒಂದು ಭಾನುವಾರ ಅವನು ಸುಮ್ಮನಿರಲಾರದೆ, "ಕಾಕಾ, ಅದು ಆ ಕಡೀದೇ ಅಂತ ಹೆಂಗ್ ಹೇಳ್ತೀರಿ? ನಮ್ಮವ್ರ ಶೆಲ್ಲೇ ಇದ್ರೂ ಇರಬಹುದಲ್ರಿ?" ಎಂದುಬಿಟ್ಟ. ಹಾಳಾಗಿ ಹೋಯಿತು! ವಾರವಿಡೀ ಚಿಕ್ಕಪ್ಪನಿಗೆ ಊಟ ಸೇರಲಿಲ್ಲ.

"ನಮ್ದೇ ಆಗಿದ್ರೆ ಇಷ್ಟು ವರ್ಷ ಅದನ್ನ ಸುಮ್ಸುಮ್ನೆ ಬೈದ್ನಲ್ಲೋ! ಅವರ್ದಾಗಿದ್ರೆ ಇಷ್ಟು ವರ್ಷ ಸಾಕಿದ್ನಲ್ಲೋ!"

"ಯಾರ್ದಾದ್ರೂ ಆಗ್ಲಿ, ಮುದ್ದೆ ಆರೋಗತ್ತೆ, ಎದ್ದು ಬನ್ನಿ" ಎಂದರು ಚಿಕ್ಕಮ್ಮ.

ಈ ವರ್ಷ ಆ ಚೂರು ಜರುಗಿ ನರ ಒತ್ತತೊಡಗಿತು. ಕಾಲು ಮರಗಟ್ಟಿ, ಚಪ್ಪಲಿ ಕಳಚಿ ಬಿದ್ದರೂ ಚಿಕ್ಕಪ್ಪನಿಗೆ ತಿಳಿಯದು. ಅದನ್ನು ತೆಗೆಸದಿದ್ದರೆ ಆ ಕಾಲಿನ ಆಸೆ ಬಿಡಿ ಎಂದರು ಡಾಕ್ಟರು.

"ಕಾಲು ಹೋದ್ರೆ ಹೋಗ್ಲಿ, ಚೂರು ಮಾತ್ರ ಮುಟ್ಬೇಡಿ!"

ಇಂಥವರಿಗೆ ಏನು ಹೇಳುವುದು? ನನಗೂ ರೇಗಿತು. "ಅಲ್ಲ ಚಿಕ್ಕಪ್ಪ, ದಿನಾ ಬೈತಿದ್ರಲ್ಲ ಅದನ್ನ? ತೊಲಗಿದ್ರೆ ಒಳ್ಳೇದಲ್ವಾ?"

ಅವರು ತೊಡೆ ಸವರಿಕೊಂಡರು.

"ಬಂಕರಲ್ಲಿ ನಾವಿಬ್ರಿದ್ವಿ ಕಣೋ. ಒಂದೇ ಶೆಲ್ಲು. ಅವನಿಗೆ ಎಲ್ಲಾ ಬಿತ್ತು, ನಂಗೆ ಇಷ್ಟೇ. ಇದನ್ನೂ ತೆಗೆಸ್ಬಿಟ್ರೆ ಅವನ ಪಕ್ಕ ನಾನೂ ಕೂತಿದ್ದೆ ಅನ್ನೋಕೆ ಏನಿದೆ? ಆಮೇಲೆ ನಾನ್ಯಾರು?"

ಅವರೊಂದಿಗೆ ಇನ್ನೊಬ್ಬ ಇದ್ದ ಎಂಬುದನ್ನು ನಾವು ಕೇಳಿದ್ದು ಅವತ್ತೇ ಮೊದಲು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವು ನಮ್ಮನೆಯವ್ರು. ಅಷ್ಟು ಸಾಲ್ದಾ?" ಎಂದರು.

ಚಿಕ್ಕಪ್ಪ ಆಸ್ಪತ್ರೆ ಸೇರಿದರು. ಚೂರು ಹೊರಗೆ ಬಂತು, ಕಾಲು ಉಳಿಯಿತು. ಅವರನ್ನು ವಾರ್ಡಿಗೆ ತಂದಾಗ ಇನ್ನೂ ಮಂಪರು ಇಳಿದಿರಲಿಲ್ಲ. ಅರೆಗಣ್ಣು ತೆರೆದು, ನನ್ನನ್ನು ಸೈನ್ಯದ ಯಾರೋ ಅಧಿಕಾರಿ ಎಂದುಕೊಂಡು ಕೇಳಿದರು:

"ಸಾಬ್, ನನ್ನ ಪಕ್ಕ ಇದ್ನಲ್ಲ, ಅವನು ಹೇಗಿದಾನೆ?"

ನಾನು ಚಿಕ್ಕಮ್ಮನ ಮುಖ ನೋಡಿದೆ. ಅವರು ಹೂಂ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು.

"ಚೆನ್ನಾಗಿದಾನೆ. ಪಕ್ಕದ ವಾರ್ಡಲ್ಲಿ ಮಲಗಿದಾನೆ" ಎಂದೆ.

ಚಿಕ್ಕಪ್ಪನ ಮುಖ ಸಡಿಲವಾಯಿತು.

"ಎಚ್ಚರ ಆದ್ರೆ ಹೇಳಿ ಸಾಬ್, ನಾನೂ ಇಲ್ಲೇ ಇದೀನಿ ಅಂತ" ಎಂದು ಕಣ್ಣು ಮುಚ್ಚಿದರು.